ಹೊಳ್ಯಾಗ ಈಸಿದವ್ರು ಕಡಲಿಗೆ ಇಳಿದಾಗ

(ಹುಬ್ಬಳ್ಳಿಯ ನಮ್ಮ ಬಡಾವಣೆಯವರು ಮಾರ್ಚ್ ಕೊನೆಯ ಒಂದು ಭಾನುವಾರ ಇಟ್ಟುಕೊಂಡಿದ್ದ ಕಾರ್ಯಕ್ರಮದಲ್ಲಿ ಆಡಿದ ಮಾತು. ಬರೆದುಕೊಡಿ ಅಂತ ಕೆಲವರು ಕೇಳಿದರು. ಆಡಿದ ಹಾಗೇ ಇಳಿಸಲು ನೋಡಿದ್ದೇನೆ, ಅಲ್ಲಿ ಮರೆತ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗ ಬಾಗಿಲಲ್ಲೇ ಒಬ್ಬ ಹಿರಿಯರು ನನ್ನನ್ನು ನಿಲ್ಲಿಸಿದರು. “ನಾವು ಮಲಪ್ರಭಾ ಹೊಳ್ಯಾಗ ಈಸಿ ಬೆಳದವ್ರು, ನಮಗ ನೀರಿನ ಬಗ್ಗೆ ಏನ್ ಹೇಳ್ತೀರಿ?” ಅಂದರು. ನಗುತ್ತಲೇ ಕೇಳಿದರು, ಆದರೆ ನಾನು ಇವತ್ತು ಹೇಳಬೇಕು ಅಂತ ಬಂದದ್ದು ಅದರ ಉತ್ತರವನ್ನೇ. ಹೊಳೆ, ಕೆರೆ, ಬಾವಿಯಲ್ಲಿ ಕಲಿತ ಈಜು ಕಡಲಲ್ಲಿ ಅರ್ಧ ಕೆಲಸಕ್ಕೂ ಬರುವುದಿಲ್ಲ. ಬಿಸಿಲೂ ಅಷ್ಟೇ. ಇಲ್ಲಿ 39, 40 ಡಿಗ್ರಿಯಲ್ಲಿ ಓಡಾಡುವ ಗಟ್ಟಿ ಆಳು ಅಲ್ಲಿ 34ಕ್ಕೆ ಕುಸಿದು ಕೂರುವುದನ್ನು ನಾನು ನೋಡಿದ್ದೇನೆ.

ನಾನು ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಹುಟ್ಟಿದ್ದು ಕುಮಟಾ ತಾಲೂಕಿನ ಕಡಲ ದಂಡೆಯ ಊರಲ್ಲಿ, ಹೊಟ್ಟೆಪಾಡಿಗೆ ಹುಬ್ಬಳ್ಳಿಗೆ ಬಂದು 22 ವರ್ಷ ಆಯ್ತು. ಪ್ರಥಮ ಚಿಕಿತ್ಸೆಯ ತರಬೇತಿ ಪಡೆದು ಈಗ ಬಿಡುವಿದ್ದಾಗ ಬೇರೆಯವರಿಗೂ ಹೇಳಿಕೊಡುತ್ತೇನೆ. ಎರಡೂ ಕಡೆಯ ಅನ್ನ ತಿಂದವನು, ಹಾಗಾಗಿ ಎರಡೂ ಕಡೆಯವರಿಗೆ ಬೈಯುವ ಹಕ್ಕು ಇದೆ ಅಂದುಕೊಂಡಿದ್ದೇನೆ.

ನಮ್ಮ ಟ್ರಿಪ್ ಹೇಗಿರುತ್ತೆ ಹೇಳಿ. ಶಾಲೆಗೆ ರಜೆ ಬಿದ್ದ ಕೂಡಲೇ ಟೆಂಪೋ ಟ್ರಾವೆಲರ್ ಬುಕ್ ಮಾಡುತ್ತೇವೆ. ರಾತ್ರಿ ಊಟ ಮುಗಿಸಿ ಹೊರಟು, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಬೆಳಕು ಹರಿಯುವಾಗ ಗೋಕರ್ಣ. ರಾತ್ರಿಯಿಡೀ ಹಾಡು, ಹರಟೆ, ಘಟ್ಟದಲ್ಲಿ ಇಬ್ಬರಿಗೆ ವಾಂತಿ, ಯಾರಿಗೂ ನಿದ್ದೆ ಇಲ್ಲ. ದರ್ಶನ ಆಗುವ ತನಕ ಹಿರಿಯರು ಏನೂ ತಿನ್ನುವುದಿಲ್ಲ, ಹಲವರು ನೀರೂ ಕುಡಿಯುವುದಿಲ್ಲ. ಸಾಲಲ್ಲಿ ಬರಿಗಾಲಲ್ಲಿ ಎರಡು ತಾಸು. ಆಮೇಲೆ ಹಸಿದ ಹೊಟ್ಟೆಗೆ ಪೂರಿ ಬಾಜಿ ತುಂಬಿಸಿ, ಮಟಮಟ ಮಧ್ಯಾಹ್ನ 12 ಗಂಟೆಗೆ, ಅದೇ ಹೊತ್ತು ನೋಡಿ, ಎಲ್ಲರೂ ಒಟ್ಟಿಗೆ ಸಮುದ್ರಕ್ಕೆ. ಸಂಜೆ ಮುರುಡೇಶ್ವರ ಬೇರೆ ಮುಗಿಸಬೇಕಲ್ಲ! ದೇಹಕ್ಕೆ ಕಷ್ಟ ಕೊಡಲೇಬೇಕು ಅಂತ ಯಾರಾದರೂ ಕೂತು ಯೋಜನೆ ಹಾಕಿದ್ದರೂ ಇದಕ್ಕಿಂತ ಚೆನ್ನಾಗಿ ಹಾಕಲು ಆಗುತ್ತಿರಲಿಲ್ಲ.

ಮೊದಲು ಬಿಸಿಲಿನ ವಿಷಯ. ನಮ್ಮ ಮೈ ತಂಪಾಗುವುದು ಬೆವರು ಬಂದದ್ದರಿಂದ ಅಲ್ಲ, ಬೆವರು ಆರಿದ್ದರಿಂದ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋ ಕ್ಯಾಲರಿ ಶಾಖವನ್ನು ಮೈಯಿಂದ ಹೊತ್ತುಕೊಂಡು ಹೋಗುತ್ತದೆ. ಅದೇ ಬೆವರು ಆರದೆ ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ನಿಮ್ಮ ನೀರು ಹೋಯಿತು, ಉಪ್ಪು ಹೋಯಿತು, ತಂಪು ಮಾತ್ರ ಸಿಗಲಿಲ್ಲ. ಹುಬ್ಬಳ್ಳಿಯ ಏಪ್ರಿಲ್ ಮಧ್ಯಾಹ್ನದ ಗಾಳಿ ಒಣ ಗಾಳಿ, ಬೆವರು ಬಂದದ್ದೇ ಗೊತ್ತಾಗದ ಹಾಗೆ ಆರಿಬಿಡುತ್ತದೆ. ಕರಾವಳಿಯ ಗಾಳಿ ಆಗಲೇ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡಿರುತ್ತದೆ, ನಿಮ್ಮ ಬೆವರಿಗೆ ಅಲ್ಲಿ ಜಾಗ ಇಲ್ಲ. ಅಂಗಿ ಬೆನ್ನಿಗೆ ಅಂಟಿಕೊಂಡು ಹಾಗೇ ಇರುತ್ತದೆ. 34 ಡಿಗ್ರಿ ಬಿಸಿಲು, 70 ಶೇಕಡಾ ತೇವ ಅಂದರೆ ಲೆಕ್ಕದ ಪ್ರಕಾರ ಮೈಗೆ ಅನ್ನಿಸುವ ಬಿಸಿ 45ರ ಮೇಲೆ. ಮೊಬೈಲಿನಲ್ಲಿ 34 ನೋಡಿ “ಏ, ನಮ್ಮೂರಿಗಿಂತ ತಂಪೈತಿ” ಅನ್ನುತ್ತೇವಲ್ಲ, ಅಲ್ಲೇ ಮೋಸ ಹೋಗುವುದು.

ಹವಾಮಾನ ಇಲಾಖೆಗೂ ಈ ವ್ಯತ್ಯಾಸ ಗೊತ್ತು. ಬಿಸಿಗಾಳಿ ಅಂತ ಹೇಳಬೇಕಾದರೆ ಬಯಲು ನಾಡಿನಲ್ಲಿ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಬೇಕು, ಕರಾವಳಿಯಲ್ಲಿ 37 ಸಾಕು, ಅದು ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿ ಇದ್ದರೆ ಆಯ್ತು. ಇನ್ನೊಂದು ತಮಾಷೆ ನೋಡಿ. ಕಲಬುರಗಿ ಕಡೆ, ವಿಜಯಪುರ, ಬಾಗಲಕೋಟೆ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1:30ರ ತನಕ ನಡೆಸುತ್ತಾರೆ. ಕಚೇರಿಗೆ ಹೋಗಲು ಇಷ್ಟು ಬುದ್ಧಿ ಉಪಯೋಗಿಸುವ ನಾವು ಟ್ರಿಪ್‌ಗೆ ಹೋದಾಗ ಅದನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇವೆ. ಬೆಳಗ್ಗೆ 10ರ ಒಳಗೆ, ಸಂಜೆ 4ರ ಮೇಲೆ ಕಡಲು. ನಡುವೆ ಊಟ, ನೆರಳು, ನಿದ್ದೆ. ಇಷ್ಟೇ ಸಾಕು, ಅರ್ಧ ತೊಂದರೆ ಹತ್ತಿರ ಬರುವುದಿಲ್ಲ.

ನೀರಲ್ಲಿ ಇದ್ದೇವೆ, ತಂಪಾಗಿದೆ, ಬಾಯಾರಿಕೆ ಇಲ್ಲ ಅನ್ನಿಸುತ್ತದೆ. ಸುಳ್ಳು. ಉಪ್ಪು ನೀರಲ್ಲಿ ಆಡುವಾಗಲೂ ಬೆವರುತ್ತೀರಿ, ಕಾಣುವುದಿಲ್ಲ ಅಷ್ಟೇ. ಕುಡಿಯುವುದಕ್ಕೆ ಏನು ಅಂತ ಕೇಳಿದರೆ ನಾನು ದೊಡ್ಡ ಪಟ್ಟಿ ಕೊಡುವುದಿಲ್ಲ. ಉಪ್ಪು ಹಾಕಿದ ನೀರು ಮಜ್ಜಿಗೆ, ಎಳನೀರು, ನಮ್ಮ ಕಡೆಯ ಮುರುಗಲು ಹಣ್ಣಿನ ಪಾನಕ, ಇಲ್ಲದಿದ್ದರೆ ಗಂಜಿ ಉಪ್ಪಿನಕಾಯಿ. ತುಂಬಾ ಬೆವರಿ ಸುಸ್ತಾದವರಿಗೆ ಓಆರ್‌ಎಸ್. ಅದನ್ನು ಕಲಸುವಾಗ ಹತ್ತರಲ್ಲಿ ಎಂಟು ಜನ ತಪ್ಪು ಮಾಡುವುದನ್ನು ತರಬೇತಿಯಲ್ಲಿ ನೋಡುತ್ತಿರುತ್ತೇನೆ, ದೊಡ್ಡ ಪ್ಯಾಕೆಟ್ ಒಡೆದು ಒಂದು ಲೋಟಕ್ಕೆ ಸುರಿಯುತ್ತಾರೆ. ಆ ಪ್ಯಾಕೆಟ್ ಇರುವುದು ಪೂರ್ತಿ ಒಂದು ಲೀಟರ್ ನೀರಿಗೆ. ಗಟ್ಟಿಯಾಗಿ ಕಲಸಿದರೆ ಲಾಭಕ್ಕಿಂತ ತೊಂದರೆಯೇ ಜಾಸ್ತಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡನ್ನೂ ಚಮಚದ ಮಟ್ಟಕ್ಕೆ ಅಳೆದು. ಅಂಗಡಿಯಲ್ಲಿ ಓಆರ್‌ಎಸ್ ಅಂತಲೇ ಬರೆದು ಮಾರುತ್ತಿದ್ದ ಸಿಹಿ ಪಾನೀಯಗಳು ನಿಜವಾದ ಓಆರ್‌ಎಸ್ ಆಗಿರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರದ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ, ಆ ಹೆಸರು ಹಾಕಬೇಡಿ ಅಂತ ಆದೇಶ ಮಾಡಿತು. ಕವರಿನ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇದೆಯಾ ನೋಡಿ ತಗೊಳ್ಳಿ.

ನಾಲ್ಕು ವರ್ಷದ ಹಿಂದೆ, ಊರಿನ ಹೆಸರು ಬೇಡ, ದೇವಸ್ಥಾನದ ಸಾಲಲ್ಲಿ ನಮ್ಮ ಮುಂದೆ ನಿಂತಿದ್ದ ಸುಮಾರು ಅರವತ್ತರ ಒಬ್ಬರು ಇದ್ದಕ್ಕಿದ್ದ ಹಾಗೆ ಮಗನಿಗೆ ಬೈಯಲು ಶುರು ಮಾಡಿದರು. “ಬಸ್ ಬಂತು, ಹತ್ತು ಹತ್ತು” ಅಂತ. ಬಸ್ ಎಲ್ಲಿಂದ ಬರಬೇಕು ಅಲ್ಲಿಗೆ? ಸುತ್ತ ಇದ್ದವರು ನಕ್ಕರು. ಮಗನಿಗೂ ಮುಜುಗರ. ನಾನು ಕೈ ಹಿಡಿದು ನೋಡಿದೆ, ಕಾದ ತವಾ ಮುಟ್ಟಿದ ಹಾಗಿತ್ತು. ತಲೆ ಸುತ್ತು, ವಾಂತಿ, ಸುಸ್ತು, ಕಾಲು ಸೆಳೆತ ಇದ್ದರೆ ಅದು ಬಿಸಿಲಿನ ಬಳಲಿಕೆ. ನೆರಳಿಗೆ ಕರೆತಂದು ಮಲಗಿಸಿ, ಕಾಲು ಸ್ವಲ್ಪ ಮೇಲಿಟ್ಟು, ಗುಟುಕು ಗುಟುಕಾಗಿ ಕುಡಿಸಿದರೆ ಸಾಮಾನ್ಯವಾಗಿ ಸುಧಾರಿಸುತ್ತಾರೆ. ಆದರೆ ಮಾತು ತಪ್ಪಿತು, ಗುರುತು ಸಿಗುತ್ತಿಲ್ಲ, ಹೆಜ್ಜೆ ಎಳೆಯುತ್ತಾರೆ ಅಂದರೆ ಅದು ಹೀಟ್ ಸ್ಟ್ರೋಕ್. ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿ ಮೆದುಳಿಗೆ ತಟ್ಟಿದೆ ಅಂತ ಅರ್ಥ. ಬೆವರು ನಿಂತಿರಲೇಬೇಕು ಅಂತಿಲ್ಲ, ಬೆವರುತ್ತಾ ಇದ್ದರೂ ಆಗುತ್ತದೆ.

ಆಗ 108ಕ್ಕೆ ಒಬ್ಬರು ಫೋನ್ ಮಾಡಿ, ಉಳಿದವರು ಆಂಬ್ಯುಲೆನ್ಸ್ ಬರುವ ತನಕ ಸುಮ್ನೆ ನಿಂತು ದಾರಿ ಕಾಯಬೇಡಿ. ಮೈ ತಂಪು ಮಾಡುವುದೇ ಚಿಕಿತ್ಸೆ. ಅಂಗಿ ಬಿಚ್ಚಿ, ಕೊಡಗಟ್ಟಲೆ ನೀರು ಸುರಿಯಿರಿ, ಸೋಡಾ ಅಂಗಡಿಯಿಂದ ಐಸ್ ತಂದು ಕಂಕುಳು, ಕುತ್ತಿಗೆ, ತೊಡೆ ಸಂದಿಗೆ ಇಡಿ. ಇಲ್ಲಿ ಒದ್ದೆ ಬಟ್ಟೆ ಹೊದಿಸಿ ಗಾಳಿ ಹಾಕಿದರೆ ಸಾಕಾಗುತ್ತೆ, ಕರಾವಳಿಯ ತೇವದ ಗಾಳಿಯಲ್ಲಿ ಅದು ನಿಧಾನ, ಹಾಗಾಗಿ ನೀರು ಜಾಸ್ತಿ ಬೇಕು. ಜ್ವರದ ಮಾತ್ರೆ ಕೊಡಬೇಡಿ, ಅದು ಜ್ವರ ಅಲ್ಲವೇ ಅಲ್ಲ. ಎಚ್ಚರ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಆ ಅರವತ್ತರ ಯಜಮಾನರಿಗೆ ಹೂವಿನ ಅಂಗಡಿಯವಳು ಹೂವಿಗೆ ಚಿಮುಕಿಸುವ ನೀರಿನ ಬಕೆಟ್ ಪೂರ್ತಿ ಸುರಿದಳು, ಮಲ್ಲಿಗೆ ಎಸಳು ತಲೆಯ ಮೇಲೆಲ್ಲ. ಬದುಕಿದರು.

ಕಾರಿನ ವಿಷಯ ಒಂದೇ ಮಾತು. ಮಗು ಮಲಗಿದೆ, ಎಬ್ಬಿಸುವುದು ಬೇಡ, ಹತ್ತು ನಿಮಿಷ ಅಷ್ಟೇ ಅಂತ ಗಾಜು ಏರಿಸಿ ಹೋಗಬೇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಹತ್ತೇ ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುತ್ತದೆ. ಗಾಜು ಎರಡು ಬೆರಳು ಇಳಿಸಿದರೂ ದೊಡ್ಡ ವ್ಯತ್ಯಾಸ ಆಗಲ್ಲ.

ಈಗ ಕಡಲು.

ನಮ್ಮ ದೊಡ್ಡಪ್ಪ ಕೈರಂಪಣಿ ಎಳೆಯುವ ಗುಂಪಿನಲ್ಲಿ ಇದ್ದವರು. ದಂಡೆಯಿಂದಲೇ ಎಳೆಯುವ ಉದ್ದದ ಬಲೆ ಅದು. ನೀರಿಗೆ ಇಳಿಯುವ ಮೊದಲು ಅವರು ಮರಳಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಕಡಲನ್ನು ನೋಡುತ್ತಾ ಇರುತ್ತಿದ್ದರು. ಒಂದು ಕವಳ ಮುಗಿಯುವ ತನಕ ಏಳುತ್ತಿರಲಿಲ್ಲ. ನನಗೆ ಆಗ ಹತ್ತು, ಹನ್ನೊಂದು ವರ್ಷ, ಕುಣಿಯುವ ವಯಸ್ಸು. “ತಮಾ, ತೆರೆ ಒಡೆದು ಬೆಳ್ಳಗೆ ಕಾಣ್ತದಲ್ಲ, ಅಲ್ಲಿ ಆಳ ಕಡಿಮೆ. ಕಪ್ಪಗೆ, ಮಳ್ಳಿಯ ಹಾಗೆ ಸುಮ್ನೆ ಇದೆಯಲ್ಲ, ಅಲ್ಲಿ ಇಳೀಬೇಡ” ಅಂದಿದ್ದರು ಒಂದು ದಿನ.

ಆ ‘ಸುಮ್ನೆ ಇರುವ ಕಪ್ಪು ನೀರು’ ಏನು ಅಂತ ಬಹಳ ವರ್ಷದ ಮೇಲೆ ಓದಿ ತಿಳಿದೆ. ತೆರೆಗಳು ಒಂದರ ಹಿಂದೆ ಒಂದು ದಂಡೆಗೆ ನೀರು ತಂದು ತುಂಬುತ್ತವೆ. ಆ ನೀರು ವಾಪಸ್ ಹೋಗಬೇಕಲ್ಲ? ನೀರಿನ ಅಡಿಯಲ್ಲಿ ದಂಡೆಗೆ ಸಮನಾಗಿ ಮರಳಿನ ದಿಬ್ಬ ಇರುತ್ತದೆ, ಹೊಲದ ಬದು ಇದ್ದ ಹಾಗೆ ಅಂದುಕೊಳ್ಳಿ. ಮಳೆ ನೀರು ಬದು ಎಲ್ಲಿ ಒಡೆದಿದೆಯೋ ಅಲ್ಲಿಂದಲೇ ನುಗ್ಗಿ ಹೊರಡುವುದಿಲ್ಲವಾ, ಹಾಗೇ ದಿಬ್ಬ ಒಡೆದ ಕಡೆಯಿಂದ ಅಷ್ಟೂ ನೀರು ಒಳಗಡಲಿಗೆ ಓಡುತ್ತದೆ. ಅಲ್ಲಿ ಆಳ ಜಾಸ್ತಿ, ಅದಕ್ಕೇ ತೆರೆ ಒಡೆಯುವುದಿಲ್ಲ, ಅದಕ್ಕೇ ಶಾಂತವಾಗಿ ಕಾಣುತ್ತದೆ. ಮಕ್ಕಳನ್ನು ಕರೆದುಕೊಂಡು ಬಂದ ತಂದೆ ತಾಯಿ ಏನು ಮಾಡುತ್ತಾರೆ ಹೇಳಿ? ಅಬ್ಬರ ಇಲ್ಲದ ಜಾಗ ಹುಡುಕಿ ಅಲ್ಲೇ ಇಳಿಸುತ್ತಾರೆ. ಹೊಳೆಯಲ್ಲಿ ಕಲಿತ ಬುದ್ಧಿ ಅದು. ಹೊಳೆಯಲ್ಲಿ ಸರಿ, ಕಡಲಲ್ಲಿ ಉಲ್ಟಾ. ಹಾಗಂತ ಬೆಳ್ಳಗಿರುವ ಕಡೆ ಎಷ್ಟು ದೊಡ್ಡ ತೆರೆ ಇದ್ದರೂ ನುಗ್ಗಿ ಅಂತ ಅಲ್ಲ, ತೆರೆ ಸೊಂಟಕ್ಕಿಂತ ಎತ್ತರ ಇದ್ದರೆ ದಂಡೆಯಲ್ಲೇ ಕೂತು ಚುರುಮುರಿ ತಿನ್ನಿ.

ಇಂಗ್ಲಿಷಿನಲ್ಲಿ ಇದನ್ನು ರಿಪ್ ಕರೆಂಟ್ ಅನ್ನುತ್ತಾರೆ. ಪೇಪರಿನಲ್ಲಿ ‘ಸುಳಿಗೆ ಸಿಲುಕಿ’ ಅಂತ ಬರೆಯುತ್ತಾರೆ, ನನಗೆ ಅದರ ಬಗ್ಗೆ ತಕರಾರಿದೆ. ಇದು ಸುಳಿ ಅಲ್ಲ, ಕೆಳಗೆ ಎಳೆಯುವುದಿಲ್ಲ. ಇದು ಸೆಳವು, ಹೊರಗೆ ಎಳೆಯುತ್ತದೆ. ಆ ವ್ಯತ್ಯಾಸ ಗೊತ್ತಿದ್ದರೆ ಜೀವ ಉಳಿಯುತ್ತದೆ. ಜೋರಾದ ಸೆಳವು ಒಂದು ಸೆಕೆಂಡಿಗೆ ಎರಡು ಮೀಟರ್ ತನಕ ಓಡಬಹುದು. 100 ಮೀಟರ್ ಈಜಿನ ವಿಶ್ವ ದಾಖಲೆ ಮಾಡಿದವನ ವೇಗವೂ ಹೆಚ್ಚುಕಡಿಮೆ ಅಷ್ಟೇ, ಅದೂ ಸ್ವಿಮ್ಮಿಂಗ್ ಪೂಲ್‌ನಲ್ಲಿ. ಮಲಪ್ರಭೆಯಲ್ಲಿ ಈಸಿದ ನಮ್ಮ ಹಿರಿಯರು ದಂಡೆಗೆ ನೇರ ಮುಖ ಮಾಡಿ, ಹಲ್ಲು ಕಚ್ಚಿ ಈಸುತ್ತಾರೆ, ಇದ್ದಲ್ಲೇ ಇರುತ್ತಾರೆ, ಎರಡು ನಿಮಿಷಕ್ಕೆ ರಟ್ಟೆ ಸೋಲುತ್ತದೆ. ಬಹಳ ಸಲ ಜನ ಮುಳುಗುವುದು ಹಾಗೆ ಸೋತು, ಗಾಬರಿಯಾಗಿ.

ಸಿಕ್ಕಿಕೊಂಡರೆ ಮೊದಲು ಜಗಳ ನಿಲ್ಲಿಸಿ. ಬೆನ್ನ ಮೇಲೆ ಮಲಗಿ ತೇಲಿ, ಒಂದು ಕೈ ಎತ್ತಿ ಬೀಸಿ. ಉಪ್ಪು ನೀರು ಹೊಳೆ ನೀರಿಗಿಂತ ಚೆನ್ನಾಗಿ ತೇಲಿಸುತ್ತದೆ. ಸೆಳವಿನ ಅಗಲ ಸಾಮಾನ್ಯವಾಗಿ ಹತ್ತಿಪ್ಪತ್ತು ಮೀಟರ್, ತೆರೆ ಒಡೆಯುವ ಸಾಲು ದಾಟಿದ ಮೇಲೆ ಅದರ ಜೋರು ಕಡಿಮೆ ಆಗುತ್ತದೆ. ಈಜಲು ಬಂದರೆ ದಂಡೆಗೆ ಸಮನಾಗಿ, ಅಡ್ಡಕ್ಕೆ ಈಜಿ, ಬೆಳ್ಳಗೆ ಒಡೆಯುವ ತೆರೆ ಸಿಕ್ಕ ಮೇಲೆ ಅದರ ಜೊತೆ ಓರೆಯಾಗಿ ದಂಡೆಗೆ ಬನ್ನಿ. ಈಜಲು ಬಾರದವರು ಸೊಂಟದ ನೀರಿಗೂ ಹೋಗಬೇಡಿ, ಮೊಣಕಾಲೇ ನಿಮ್ಮ ಗಡಿ. ಇನ್ನೊಂದು, ಹತ್ತು ಜನ ಕೈ ಕೈ ಹಿಡಿದು ಸರಪಳಿ ಮಾಡಿ ನಿಲ್ಲುವುದು. ಫೋಟೊಕ್ಕೆ ಚೆಂದ. ಒಬ್ಬರ ಕಾಲಡಿ ಮರಳು ಕುಸಿದರೆ ಅವರು ಪಕ್ಕದವರನ್ನು ಗಟ್ಟಿ ಹಿಡಿಯುತ್ತಾರೆ, ಅವರು ಅವರ ಪಕ್ಕದವರನ್ನು.

ಕೆಲವು ಜಾಗ, ಕೆಲವು ಕಾಲ ಯಾವ ಲೆಕ್ಕಕ್ಕೂ ಬೇಡ. ಹೊಳೆ ಕಡಲಿಗೆ ಸೇರುವ ಅಳಿವೆ ಅವುಗಳಲ್ಲಿ ಮೊದಲನೆಯದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಎಲ್ಲದರ ಅಳಿವೆಯೂ ನೋಡಲು ಚೆಂದ, ಇಳಿತದ ಹೊತ್ತಿಗೆ ಹೊಳೆ ನೀರೂ ಭರತದ ನೀರೂ ಸೇರಿ ಕಡಲಿಗೆ ಓಡುವಾಗ ದೋಣಿಯವರೇ ಹುಷಾರಾಗಿರುತ್ತಾರೆ. ಬಂಡೆಗಳೂ ಹಾಗೇ. ಓಂ ಬೀಚಿನ ಕಡೆ ಪಾಚಿ ಹಿಡಿದ ಬಂಡೆ ಮೇಲೆ ಕಡಲಿಗೆ ಬೆನ್ನು ಮಾಡಿ ಸೆಲ್ಫಿ ತೆಗೆಯುತ್ತಾರೆ. ತೆರೆಗಳು ಎಲ್ಲ ಒಂದೇ ಎತ್ತರ ಬರಲ್ಲ, ಹತ್ತು ಸಣ್ಣದಾದ ಮೇಲೆ ಒಂದು ದೊಡ್ಡದು ಬಂದೇ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಾತೇ ಇಲ್ಲ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ ಇರುತ್ತದೆ, ಮಲ್ಪೆಯಲ್ಲಿ ಮಳೆಗಾಲಕ್ಕೆ ದಂಡೆಯ ಉದ್ದಕ್ಕೆ ಬಲೆ ಕಟ್ಟಿ ಕೆಂಪು ಬಾವುಟ ಹಾಕುತ್ತಾರೆ. ಆ ಬಲೆ ಸರಿಸಿ ಒಳಗೆ ಹೋಗುವವರೂ ಇದ್ದಾರೆ, ಏನು ಹೇಳೋದು.

ಬೇಸಿಗೆಯಲ್ಲಿ ಇನ್ನೊಂದು ಇದೆ, ಇಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ. ಕೇರಳದವರು ಅದಕ್ಕೆ ‘ಕಳ್ಳಕ್ಕಡಲ್’ ಅನ್ನುತ್ತಾರೆ, ಕಳ್ಳನ ಹಾಗೆ ಬರುವ ಕಡಲು. ಗಾಳಿ ಇಲ್ಲ, ಮೋಡ ಇಲ್ಲ, ಆಕಾಶ ಸ್ವಚ್ಛ, ಆದರೆ ದಿಢೀರ್ ಅಂತ ಕಡಲು ಉಬ್ಬಿ ಮರಳು ದಂಡೆ ದಾಟಿ ಬರುತ್ತದೆ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ತೆರೆಗಳು ಕೆಲವು ದಿನ ಪ್ರಯಾಣ ಮಾಡಿ ನಮ್ಮ ದಂಡೆ ಮುಟ್ಟುತ್ತವೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದರ ಮುನ್ಸೂಚನೆ ಕೊಡುತ್ತದೆ, ನಮ್ಮ ಕರಾವಳಿಗೂ ಕೊಡುತ್ತದೆ. ಹೊರಡುವ ಹಿಂದಿನ ದಿನ ಫೋನಿನಲ್ಲಿ ನೋಡಿಕೊಳ್ಳಿ. ಹೋಟೆಲ್ ರೇಟಿಂಗ್ ನೋಡುವಷ್ಟು ಹೊತ್ತೂ ಬೇಡ.

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಏನಾಯಿತು ಅಂತ ನಿಮಗೆ ನೆನಪಿದೆ. ಶಾಲಾ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ಕಡೆಯ ನಾಲ್ಕು ಹುಡುಗಿಯರು ಕಡಲಲ್ಲಿ ಮುಳುಗಿ ತೀರಿಕೊಂಡರು. ಕಡಲನ್ನು ಮೊದಲ ಸಲ ನೋಡುವ ಮಕ್ಕಳ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತು, ಅದಕ್ಕೇ ಆ ಸುದ್ದಿ ಇನ್ನೂ ತಡೆಯಲಾಗುವುದಿಲ್ಲ. ಆಮೇಲೆ ಬೀಚ್ ಕೆಲವು ಕಾಲ ಮುಚ್ಚಿದರು. ಡಿಸೆಂಬರ್ ಮಳೆಗಾಲ ಅಲ್ಲ ಅನ್ನುವುದನ್ನು ಗಮನಿಸಿ. ಇಲ್ಲಿ ಮೇಷ್ಟ್ರುಗಳು ಇದ್ದೀರಿ, ನಿಮಗೆ ಒಂದೇ ಕೋರಿಕೆ. ಲೈಫ್‌ಗಾರ್ಡ್ ಇಲ್ಲದ ಕಡೆ ಮಕ್ಕಳನ್ನು ನೀರಿಗೆ ಬಿಡಬೇಡಿ, ಮತ್ತೆ ಎಣಿಸುವ ಕೆಲಸಕ್ಕೇ ಒಬ್ಬರನ್ನು ಇಡಿ, ಅವರ ಕೈಯಲ್ಲಿ ಮೊಬೈಲ್ ಇರಬಾರದು.

ಯಾಕೆಂದರೆ ಮುಳುಗುವವರು ಸಿನಿಮಾದಲ್ಲಿ ಇದ್ದ ಹಾಗೆ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ, ಉಸಿರು ತಗೊಳ್ಳಲೇ ಹೊತ್ತಿಲ್ಲ, ಕೂಗುವುದು ಎಲ್ಲಿಂದ? ಕೈ ಬೀಸುವುದೂ ಇಲ್ಲ, ಕೈ ಎರಡೂ ಕಡೆ ನೀರನ್ನು ಒತ್ತುತ್ತಿರುತ್ತವೆ. ನೆಟ್ಟಗೆ ನಿಂತ ಹಾಗೆ ಇರುತ್ತಾರೆ, ಏಣಿ ಹತ್ತುವವರ ಹಾಗೆ ಕಾಣುತ್ತಾರೆ. 20ರಿಂದ 60 ಸೆಕೆಂಡಿನಲ್ಲಿ ಮುಗಿಯಬಹುದು. ಗಲಾಟೆ ಮಾಡುತ್ತಿದ್ದ ಮಗು ಸುಮ್ಮನಾದರೆ ಆಗ ನೋಡಿ.

ಕಂಡ ಕೂಡಲೇ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಅಣ್ಣ, ತಮ್ಮ, ಗೆಳೆಯ ಅಂತ ಸಾಲಾಗಿ ಹೋದ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಲೈಫ್‌ಗಾರ್ಡ್‌ಗೆ ಕೂಗಿ, 112ಕ್ಕೆ ಅಥವಾ ಕರಾವಳಿ ಕಾವಲು ಪೊಲೀಸರ 1093ಕ್ಕೆ ಫೋನ್ ಮಾಡಿ, ತೇಲುವ ಏನಾದರೂ ಎಸೆಯಿರಿ. ನಿಮ್ಮ ಗಾಡಿಯಲ್ಲಿ ಕುಡಿಯುವ ನೀರಿನ ಕ್ಯಾನ್ ಇರುತ್ತಲ್ಲ, ಐದು ಲೀಟರಿನದು, ಖಾಲಿ ಮಾಡಿ ಮುಚ್ಚಳ ಬಿಗಿಯಾಗಿ ಹಾಕಿ ಎಸೆದರೆ ಒಬ್ಬರ ತಲೆ ನೀರಿನ ಮೇಲೆ ಇರಲು ಅಷ್ಟು ಸಾಕು. ಅದಕ್ಕೆ ಹಗ್ಗ ಕಟ್ಟಿದ್ದರೆ ಇನ್ನೂ ಒಳ್ಳೆಯದು. ನಾನು ಹೋಗುವಾಗ ಹಾಗೆ ಕಟ್ಟಿಯೇ ಒಯ್ಯುತ್ತೇನೆ, ಮನೆಯವರು ನಗುತ್ತಾರೆ.

ದಂಡೆಗೆ ತಂದ ಮೇಲೆ ಉಸಿರು ಇಲ್ಲದಿದ್ದರೆ ಹೊಟ್ಟೆ ಒತ್ತಬೇಡಿ, ತಲೆಕೆಳಗೆ ಮಾಡಿ ತಿರುಗಿಸಬೇಡಿ. ಹೊಟ್ಟೆಯ ನೀರು ಹೊರಬಂದರೆ ಅದೇ ಶ್ವಾಸಕೋಶಕ್ಕೆ ಹೋಗುತ್ತದೆ. ಮುಳುಗಿದವರಿಗೆ ಕೊರತೆ ಆಗಿರುವುದು ಗಾಳಿ, ಹಾಗಾಗಿ ಕಲಿತವರು ಮೊದಲು ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಕೊಟ್ಟು, ಆಮೇಲೆ 30 ಸಲ ಎದೆ ಒತ್ತಿ 2 ಉಸಿರು, ಹಾಗೇ ಮುಂದುವರಿಸಬೇಕು. ಕಲಿಯದವರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುತ್ತಾ ಇರಿ. ಎಚ್ಚರವಾಗಿ ಎದ್ದು ಕೂತರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ತಾಸಿನ ಮೇಲೆ ಉಸಿರಾಟ ಕೆಡಬಹುದು.

ಉಪ್ಪಿನ ವಿಷಯ ಹೇಳದೆ ಹೋದರೆ ತಪ್ಪಾಗುತ್ತದೆ. 2022ರಲ್ಲಿ ಬಳ್ಳಾರಿ ಕಡೆಯ ಹಳ್ಳಿಯೊಂದರಲ್ಲಿ ನೀರಲ್ಲಿ ಮುಳುಗಿದ ಹುಡುಗನನ್ನು ತಾಸುಗಟ್ಟಲೆ ಉಪ್ಪಿನ ರಾಶಿಯಲ್ಲಿ ಮುಚ್ಚಿಟ್ಟು ಕಾದರು. ವಾಟ್ಸಾಪ್, ಫೇಸ್‌ಬುಕ್ಕಿನಲ್ಲಿ ಓಡಾಡುವ ಸುಳ್ಳು ಅದು. ಉಪ್ಪು ಯಾರ ಮೈಯಿಂದಲೂ ನೀರು ಹೀರಿ ಜೀವ ತರುವುದಿಲ್ಲ. ಆ ತಂದೆ ತಾಯಿಗೆ ನಾನು ಬೈಯಲಾರೆ. ಆ ಮೆಸೇಜ್ ಫಾರ್ವರ್ಡ್ ಮಾಡಿದವರಿಗೆ ಬೈಯುತ್ತೇನೆ, ಅವರಲ್ಲಿ ಕೆಲವರು ಇಲ್ಲೂ ಕೂತಿರಬಹುದು.

ಕೊನೆಗೆ ಪ್ರಶ್ನೆ ಕೇಳಿ ಅಂದಾಗ ಹಿಂದಿನ ಸಾಲಿನ ಒಬ್ಬ ತಂಗಿ ಎದ್ದು ನಿಂತಳು. “ಸರ, ನಮ್ಮ ಅತ್ತಿಯವ್ರಿಗೆ ಎಪ್ಪತ್ತೆರಡು. ಗೋಕರ್ಣದಾಗ ಸಮುದ್ರ ಸ್ನಾನ ಆಗ್ಬೇಕು ಅಂತ ಹಟ ಹಿಡದಾರ. ಬ್ಯಾಡ ಅಂದ್ರ ಕೇಳಂಗಿಲ್ಲ.” ಬೇಡ ಅನ್ನಬೇಡಮ್ಮಾ ಅಂದೆ. ಬೆಳಗ್ಗೆ ಏಳು ಗಂಟೆಗೆ ಕರೆದುಕೊಂಡು ಹೋಗು, ಬಿಸಿ ಮರಳಿನ ಕಾಟ ಇರುವುದಿಲ್ಲ. ಹೋಗುವ ಮೊದಲು ಒಂದು ಲೋಟ ನೀರು ಕುಡಿಸು, ಉಪವಾಸ ಅಂದರೆ ಎಳನೀರು ಕೊಡು, ಅದಕ್ಕೆ ಯಾವ ದೇವರ ತಕರಾರೂ ಇಲ್ಲ. ಹಿಂದಿನ ತೆರೆ ಬಂದು ನಿಂತ ಒದ್ದೆ ಮರಳಿನ ಗೆರೆ ಕಾಣುತ್ತಲ್ಲ, ಅದರಿಂದ ನಾಲ್ಕು ಹೆಜ್ಜೆ ಮಾತ್ರ ಒಳಗೆ. ಸೀರೆಯನ್ನು ಕಚ್ಚೆ ಹಾಕಿಸು, ಒದ್ದೆ ಸೆರಗು ಕಾಲಿಗೆ ಸುತ್ತಿಕೊಂಡರೆ ಏಳಲು ಆಗುವುದಿಲ್ಲ. ಇಬ್ಬರು ಎರಡು ಕಡೆ ರಟ್ಟೆ ಹಿಡಿದು ಕೂರಿಸಿ, ಮುಖ ಕಡಲಿಗೇ ಇರಲಿ, ಬೆನ್ನು ಬೇಡ. ಒಂದು ತಾಮ್ರದ ಚೊಂಬು ಒಯ್ಯಿರಿ.

“ಎಷ್ಟ್ ಚೊಂಬು ಹಾಕ್ಬೇಕ್ರಿ?” ಅಂತ ಕೇಳಿದಳು. ಅದು ನಿಮ್ಮ ಅತ್ತೆಯವರಿಗೇ ಗೊತ್ತಿರುತ್ತೆ ಅಂದೆ.